ಚಾರ್ಟಿಸ್ಟರ ಮನೆವಾರ್ತೆ

ಯುದ್ಧವನ್ನು ಸೇನಾಪತಿಯ ಹೆಸರಿನಿಂದ ಕರೆಯುವುದು ಮಹಾಭಾರತದ ಕಾಲದಿಂದಲೂ ಬಂದ ವಾಡಿಕೆ. ಭೀಷ್ಮಪರ್ವ, ದ್ರೋಣಪರ್ವ, ಕರ್ಣಪರ್ವ, ಶಲ್ಯಪರ್ವ ಎಂದು ಪರ್ವಗಳಿಗೆ ಹೆಸರಿದೆಯೇ ಹೊರತು, ಹದಿನೆಂಟು ಅಕ್ಷೌಹಿಣಿಯಲ್ಲಿ ಕಾಲಾಳಾಗಿ ನಡೆದವನು ಬೆಳಿಗ್ಗೆ ಏನು ಉಂಡು ಹೊರಟನೆಂಬುದನ್ನು ಯಾರೂ ಬರೆದಿಡಲಿಲ್ಲ. ರಾಜಕೀಯ ಚಳವಳಿಗಳ ಚರಿತ್ರೆಯೂ ಬಹುಮಟ್ಟಿಗೆ ಹೀಗೆಯೇ. ಆಂಗ್ಲದೇಶದಲ್ಲಿ 1838ರಿಂದ 1848ರವರೆಗೆ ಪ್ರಬಲವಾಗಿದ್ದ ಚಾರ್ಟಿಸ್ಟ್ ಚಳವಳಿಯಾದರೋ ಈ ಮಾತಿಗೆ ಒಂದು ಅಪವಾದ. ಅದರ ಕಾಲಾಳುಗಳು ತಮ್ಮದೇ ಆದ ಒಂದು ಪತ್ರಿಕೆಗೆ ವಾರವಾರವೂ ವರದಿಗಳನ್ನು ಬರೆದು ಕಳುಹಿಸುತ್ತಿದ್ದುದರಿಂದ, ಅವರ ನಿತ್ಯಜೀವನದ ಚಿತ್ರವು ಇಂದಿಗೂ ಅಳಿಯದೆ ಉಳಿದಿದೆ.

ಚಳವಳಿಯ ಮೂಲವಿದ್ದುದು ಒಂದು ಆಶಾಭಂಗದಲ್ಲಿ. 1832ರ ಪಾರ್ಲಿಮೆಂಟು ಸುಧಾರಣೆಯ ಶಾಸನಕ್ಕಾಗಿ ನಡೆದ ಹೋರಾಟದಲ್ಲಿ ನೇಕಾರರೂ ದರ್ಜಿಗಳೂ ಚಮ್ಮಾರರೂ ಸಿರಿವಂತ ವರ್ತಕರೊಡನೆ ಹೆಗಲು ಕೊಟ್ಟಿದ್ದರು. ಶಾಸನವು ಅಂಗೀಕೃತವಾದಾಗ ಪಟ್ಟಣಗಳಲ್ಲಿ ವರ್ಷಕ್ಕೆ 10 ಪೌಂಡು ಬಾಡಿಗೆ ಬಾಳುವ ಮನೆಯುಳ್ಳ ಗಂಡಸರಿಗೆ ಮತವು ದೊರೆಯಿತು. ವರ್ತಕರು ಒಳಗೆ ಹೋದರು. ನೇಕಾರರು ಬಾಗಿಲ ಹೊರಗೆ ನಿಂತರು. ಪ್ರಾಪ್ತವಯಸ್ಕರಾದ ಗಂಡಸರಲ್ಲಿ ಸುಮಾರು ಐವರಲ್ಲಿ ಒಬ್ಬನಿಗೆ ಮಾತ್ರ ಆಗ ಮತವಿತ್ತು. ಆಸ್ತಿಯನ್ನು ತೂಗಿ ಮತವನ್ನು ಕೊಡುವ ಈ ಕ್ರಮವು ಕನ್ನಡಿಗರಿಗೆ ಅಪರಿಚಿತವಲ್ಲ. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಚುನಾವಣೆಗಳಲ್ಲಿಯೂ ಮುಖ್ಯವಾಗಿ ಕಂದಾಯದ ಮೊತ್ತವನ್ನು ನೋಡಿಯೇ ಮತದ ಹಕ್ಕು ಲಭಿಸುತ್ತಿತ್ತು. ಎರಡು ವರ್ಷಗಳ ತರುವಾಯ, 1834ರಲ್ಲಿ, ಬಡವರ ಪರಿಹಾರದ ಹೊಸ ಶಾಸನವು ಬಂದಿತು. ದುಡಿಯಲು ಶಕ್ತನಾದ ಬಡವನು ಇನ್ನು ಮುಂದೆ ಸರ್ಕಾರದ ದುಡಿಮೆಯ ಮನೆಯನ್ನು ಸೇರಿದರೆ ಮಾತ್ರ ಅನ್ನ. ಅಲ್ಲಿಯೋ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಮತವಿಲ್ಲದವನ ಸಂಸಾರವನ್ನು ಮತವುಳ್ಳವರು ಹೀಗೆ ಒಡೆಯಬಲ್ಲರೆಂಬುದು ಮನವರಿಕೆಯಾದ ಮೇಲೆ ಮತವೆಂಬುದು ತತ್ತ್ವಶಾಸ್ತ್ರದ ವಿಷಯವಾಗಿ ಉಳಿಯಲಿಲ್ಲ, ಒಲೆಯ ಮುಂದಿನ ವಿಷಯವಾಯಿತು.

1838ರ ಮೇ ತಿಂಗಳಲ್ಲಿ ಲಂಡನ್ನಿನ ಕಾರ್ಮಿಕರ ಸಂಘವು ‘ಪ್ರಜೆಗಳ ಸನ್ನದು’ ಎಂಬ ಶಾಸನದ ಕರಡೊಂದನ್ನು ಪ್ರಕಟಿಸಿತು. ಸನ್ನದಿಗೆ ಆಂಗ್ಲಭಾಷೆಯಲ್ಲಿ ‘ಚಾರ್ಟರ್’ ಎಂದು ಹೆಸರಾದುದರಿಂದ ಅದನ್ನು ಎತ್ತಿ ಹಿಡಿದವರು ಚಾರ್ಟಿಸ್ಟರೆನಿಸಿದರು. ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬ ಗಂಡಸಿಗೂ ಮತ, ಆ ಮತಕ್ಕೆ ಗೋಪ್ಯತೆ, ಸದಸ್ಯನಾಗಲು ಆಸ್ತಿಯ ನಿಬಂಧನೆಯಿಲ್ಲದಿರುವುದು, ಸದಸ್ಯರಿಗೆ ಸಂಬಳ, ಸಮಾನವಾದ ಕ್ಷೇತ್ರಗಳು, ವರ್ಷಕ್ಕೊಮ್ಮೆ ಚುನಾವಣೆ—ಇವೇ ಅದರ ಆರು ಬೇಡಿಕೆಗಳು. ಕರಡನ್ನು ಸಿದ್ಧಪಡಿಸಿದವರಲ್ಲಿ ಪ್ರಮುಖನಾದ ವಿಲಿಯಂ ಲವೆಟ್ಟನು ಮರಗೆಲಸದವನು. ಹೆಂಗಸರಿಗೂ ಮತವಿರಬೇಕೆಂದು ಆತನಿಗೆ ಮನಸ್ಸಿತ್ತು. ಅಷ್ಟನ್ನು ಕೇಳಿದರೆ ಇಷ್ಟೂ ಸಿಕ್ಕದೆಂಬ ಅಂಜಿಕೆಯಿಂದ ಅದನ್ನು ಕೈಬಿಡಲಾಯಿತು. ಹಾಗೆ ಕೈಬಿಡಲ್ಪಟ್ಟ ಹೆಂಗಸರೇ ಮುಂದೆ ಚಳವಳಿಯ ಬೆನ್ನೆಲುಬಾದುದು ಗಮನಾರ್ಹವಾದುದು.

ಮೇಲೆ ಹೇಳಿದ ಪತ್ರಿಕೆಯ ಹೆಸರು ‘ನಾರ್ದರ್ನ್ ಸ್ಟಾರ್’. ಉತ್ತರದ ನಕ್ಷತ್ರವೆಂದು ಅರ್ಥ, ಧ್ರುವನಕ್ಷತ್ರವೆಂದರೂ ಸಲ್ಲುತ್ತದೆ. ಐರ್ಲೆಂಡಿನವನಾದ ಫಿಯರ್ಗಸ್ ಓಕಾನರನು 1837ರ ನವೆಂಬರಿನಲ್ಲಿ ಲೀಡ್ಸ್ ಪಟ್ಟಣದಲ್ಲಿ ಅದನ್ನು ಆರಂಭಿಸಿದನು. ಶನಿವಾರ ಶನಿವಾರ ಹೊರಡುತ್ತಿದ್ದ ಅದರ ಬೆಲೆ ನಾಲ್ಕೂವರೆ ಪೆನ್ನಿ. ಅದರಲ್ಲಿ ಒಂದು ಪೆನ್ನಿಯು ಸರ್ಕಾರದ ಮುದ್ರೆಯ ತೆರಿಗೆ. ಕೈಮಗ್ಗದ ನೇಕಾರನು ವಾರಕ್ಕೆ 7 ಶಿಲಿಂಗು ಗಳಿಸಿದನೆಂದರೆ 84 ಪೆನ್ನಿಗಳಾದವು. ಅನೇಕರಿಗೆ ಅಷ್ಟೂ ದಕ್ಕುತ್ತಿರಲಿಲ್ಲ. ಬಾಡಿಗೆ, ಸೌದೆ, ರೊಟ್ಟಿ ಇವುಗಳ ನಡುವೆ ಅದರ ಹತ್ತೊಂಬತ್ತನೆಯ ಒಂದು ಪಾಲನ್ನು ಕಾಗದಕ್ಕೆ ಕೊಡುವುದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಆದಕಾರಣ ನಾಲ್ಕಾರು ಮಂದಿ ಸೇರಿ ಒಂದು ಪ್ರತಿಯನ್ನು ತರಿಸುತ್ತಿದ್ದರು. ಹೀಗಿದ್ದೂ 1839ರಲ್ಲಿ ವಾರಕ್ಕೆ ಮೂವತ್ತು ಸಾವಿರಕ್ಕೂ ಮಿಕ್ಕ ಪ್ರತಿಗಳು ಖರ್ಚಾದುವು. ಕೇಳಿದವರ ಸಂಖ್ಯೆ ಇದರ ಎಷ್ಟು ಪಟ್ಟೋ!

ಕೇಳಿದವರು ಎಂಬ ಮಾತು ಇಲ್ಲಿ ಬೇಕೆಂದೇ ಬಂದಿದೆ. ಲ್ಯಾಂಕಾಶೈರಿನ ಆಡುಮಾತಿನಲ್ಲಿ ಬರೆದು ಪ್ರಸಿದ್ಧನಾದ ಬೆನ್ ಬ್ರಿಯರ್ಲಿಯು ನೇಕಾರರ ಮನೆಯಲ್ಲಿ ಬೆಳೆದವನು. ಆತನ ತಂದೆಯೂ ಇನ್ನೈದು ಮಂದಿಯೂ ಕೂಡಿ ಈ ಪತ್ರಿಕೆಯನ್ನು ತರಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ಎಲ್ಲರೂ ಅವನ ಮನೆಯಲ್ಲಿ ಕೂಡುವರು. ಓದುವುದು ಹುಡುಗನ ಪಾಲಿನ ಕೆಲಸ. ಕನ್ನಡನಾಡಿನ ಊರುಗಳಲ್ಲಿ ಮಳೆಗಾಲದ ಇರುಳು ಗಮಕಿಯೊಬ್ಬನು ಭಾರತವನ್ನು ಓದಿ, ಅಕ್ಷರವರಿಯದವರೂ ಕರ್ಣನಿಗಾಗಿ ಕಣ್ಣೀರಿಡುತ್ತಿದ್ದುದನ್ನು ಬಲ್ಲ ವಾಚಕರಿಗೆ ಆ ಭಾನುವಾರದ ಸ್ವರೂಪವನ್ನು ವಿವರಿಸಬೇಕಾದುದಿಲ್ಲ. ಒಂದು ವ್ಯತ್ಯಾಸ ಮಾತ್ರ ಉಂಟು. ಈ ಪುರಾಣದಲ್ಲಿ ಕೇಳುವವನ ಹೆಸರೂ ಬರುತ್ತಿತ್ತು. ಯಾವ ಊರಿನ ಸಭೆಯಲ್ಲಿ ಯಾರು ಅಧ್ಯಕ್ಷರು, ಸೆರೆಯಲ್ಲಿದ್ದವರ ಹೆಂಡಿರು ಮಕ್ಕಳ ನಿಧಿಗೆ ಯಾರು ಎಷ್ಟು ಪೆನ್ನಿ ಕೊಟ್ಟರು, ಇವೆಲ್ಲ ಅಚ್ಚಾಗುತ್ತಿದ್ದುವು. ಜನನದ ದಾಖಲೆಯಲ್ಲಲ್ಲದೆ ಬೇರೆಲ್ಲಿಯೂ ತನ್ನ ಹೆಸರನ್ನು ಕಾಣದ ಮನುಷ್ಯನು ಅದನ್ನು ಅಚ್ಚಿನಲ್ಲಿ ಕಂಡಾಗ ಅವನಲ್ಲಿ ಏನೋ ಒಂದು ಮಾರ್ಪಾಡಾಗುತ್ತದೆ. ಓಕಾನರನ ಜಾಣ್ಮೆಯೆಲ್ಲ ಇದನ್ನು ಅರಿತುದರಲ್ಲಿತ್ತು. ಆತನ ಭಾಷಣಗಳಲ್ಲಿ ಆತ್ಮಪ್ರಶಂಸೆ ಹೆಚ್ಚು, ವಿವೇಚನೆ ಕಡಮೆ ಎಂಬ ಆಕ್ಷೇಪವು ಸುಳ್ಳಲ್ಲವಾದರೂ, ಪತ್ರಿಕೆಯ ಈ ಒಂದು ಉಪಕಾರವನ್ನು ಮರೆಯಲಾಗದು.

ನಿಯತ ಚಂದಾದಾರರಿಗೆ ನಾಯಕರ ಭಾವಚಿತ್ರಗಳೂ ಉಕ್ಕಿನ ಫಲಕದ ಅಚ್ಚಿನಲ್ಲಿ ದೊರೆಯುತ್ತಿದ್ದುವು. ಕುರ್ಚಿಗಳಿಗೇ ದಾರಿದ್ರ್ಯವಿದ್ದ ಮನೆಗಳ ಗೋಡೆಯ ಮೇಲೆ ಆ ಚಿತ್ರಗಳು ತೂಗಿದುವು. ಹುಟ್ಟಿದ ಮಕ್ಕಳಿಗೆ ಫಿಯರ್ಗಸ್ ಓಕಾನರ್ ಎಂಬ ಹೆಸರನ್ನು ಮನೆಯ ಹೆಸರಿನ ಹಿಂದೆ ಸೇರಿಸಿ ಇಟ್ಟವರೂ ಅನೇಕರು. ಅಂಥ ಶಿಶುಗಳ ಸಮಾಚಾರವನ್ನು ಪತ್ರಿಕೆಯು ಸಂತೋಷದಿಂದ ಪ್ರಕಟಿಸುತ್ತಿತ್ತು. ಭಕ್ತನು ಕುಲದೇವತೆಯ ಹೆಸರನ್ನು ಮಗನಿಗೆ ಇಡುವಂತೆಯೇ ಇದು. ನಗುವವರು ನಗಬಹುದು.

ಹೆಂಗಸರ ವಿಷಯ. ಊರೂರಿನಲ್ಲಿ ಅವರ ಪ್ರತ್ಯೇಕ ಸಂಘಗಳಿದ್ದುವು. ಒಟ್ಟು ನೂರಕ್ಕೂ ಮೇಲ್ಪಟ್ಟು. ಮೆರವಣಿಗೆಯ ಪತಾಕೆಗಳನ್ನು ಹೊಲಿದವರೂ, ಚಹದ ಕೂಟಗಳನ್ನು ನಡೆಸಿ ಹಣ ಕೂಡಿಸಿದವರೂ ಅವರೇ. ಅವರ ಕೈಯಲ್ಲಿದ್ದ ಬಲವಾದ ಆಯುಧವೆಂದರೆ ಸಂತೆಯ ಚೀಲ. ಅಂಗಡಿಯವನಿಗೆ ಮತವಿತ್ತು, ಕೊಳ್ಳುವವಳಿಗೆ ಇರಲಿಲ್ಲ. ಸನ್ನದಿಗೆ ವಿರೋಧಿಯಾದವನ ಅಂಗಡಿಯಲ್ಲಿ ಹಿಟ್ಟು ಬೆಣ್ಣೆ ಕೊಳ್ಳುವುದಿಲ್ಲವೆಂದು ಅವರು ನಿರ್ಧರಿಸಿದರು. ಹತ್ತಿರದ ಅಂಗಡಿಯನ್ನು ಬಿಟ್ಟು ದೂರದ ಅಂಗಡಿಗೆ ನಡೆಯುವುದೂ, ಸಾಲ ಕೊಡುತ್ತಿದ್ದವನನ್ನು ಎದುರು ಹಾಕಿಕೊಳ್ಳುವುದೂ ಬಡವಳಿಗೆ ಎಷ್ಟು ಕಷ್ಟವೆಂಬುದನ್ನು ಸಂಸಾರ ಮಾಡಿದವರು ಬಲ್ಲರು. 1839ರ ಬೇಸಗೆಯಲ್ಲಿ ಅನೇಕ ಊರುಗಳ ಚಾರ್ಟಿಸ್ಟರು ದುಡಿಮೆಯ ಬಟ್ಟೆಯಲ್ಲಿಯೇ ಗುಂಪುಗೂಡಿ ಚರ್ಚಿಗೆ ಹೋಗಿ, ಸಿರಿವಂತರು ಬಾಡಿಗೆಗೆ ಹಿಡಿದಿದ್ದ ಆಸನಗಳಲ್ಲಿ ಕುಳಿತು, ಬಡವರ ಕೂಲಿಯನ್ನು ತಡೆಹಿಡಿದ ಧನಿಕರನ್ನು ಖಂಡಿಸುವ ವಾಕ್ಯದ ಮೇಲೆ ಉಪನ್ಯಾಸ ಮಾಡಬೇಕೆಂದು ಪಾದ್ರಿಗಳನ್ನು ಕೇಳಿದುದೂ ಉಂಟು. ಕೆಲವರು ಅದನ್ನು ಬಿಟ್ಟು ಶಾಂತಿ ಸಹನೆಗಳ ವಾಕ್ಯವನ್ನು ಆರಿಸಿಕೊಂಡರು.

ವಿದ್ಯೆಯ ಮೇಲೆ ಈ ಜನಕ್ಕಿದ್ದ ಹಂಬಲವು ಆಶ್ಚರ್ಯಕರವಾದುದು. ಲೆಸ್ಟರ್ ಪಟ್ಟಣದ ಥಾಮಸ್ ಕೂಪರನು ಚಮ್ಮಾರನಾಗಿ ಅಟ್ಟೆ ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ತಾನಾಗಿ ಕಲಿತವನು. ಗುರುವಿಲ್ಲದೆ ವ್ಯಾಕರಣವನ್ನು ಕಲಿಯುವುದೆಂದರೆ ಏನೆಂಬುದನ್ನು ಸಿದ್ಧಾಂತಕೌಮುದಿಯೊಡನೆ ಹೆಣಗಿದವರು ಊಹಿಸಬಲ್ಲರು. ಆತನು ಚಾರ್ಟಿಸ್ಟರಿಗಾಗಿ ಭಾನುವಾರದ ವಯಸ್ಕರ ಶಾಲೆಯನ್ನು ತೆರೆದು, ಅದರ ತರಗತಿಗಳಿಗೆ ಸ್ವಾತಂತ್ರ್ಯಪ್ರಿಯರಾದ ಪೂರ್ವಿಕರ ಹೆಸರುಗಳನ್ನು ಇಟ್ಟನು. ಆದರೆ 1842ರಲ್ಲಿ ಕಾಲುಚೀಲ ಹೆಣೆಯುವ ಕೆಲಸವು ನಿಂತು ಊರಿಗೆ ಊರೇ ಹಸಿದಾಗ ಶಾಲೆಯೂ ಮುಚ್ಚಿತು. ಹೊಟ್ಟೆಗಿಲ್ಲದವರು ಓದಿಗೆ ಬರಲಿಲ್ಲ. ಆ ವರ್ಷದ ಗಲಭೆಗಳ ತರುವಾಯ ಕೂಪರನಿಗೆ ಸೆರೆಮನೆಯಾಯಿತು. ಅಲ್ಲಿ ಆತನು ಕಾವ್ಯ ಬರೆದನು.

ಇಷ್ಟೆಲ್ಲ ಉತ್ಸಾಹವೂ ಹರಿದು ಸೇರಿದ ಕಡಲೆಂದರೆ ಬಿನ್ನವತ್ತಳೆ. ಮತವಿಲ್ಲದವನಿಗೆ ಪಾರ್ಲಿಮೆಂಟಿನೊಡನೆ ಮಾತನಾಡಲು ಇದ್ದ ಶಾಸನಬದ್ಧವಾದ ದಾರಿ ಅದೊಂದೇ. ಹಾಳೆಗಳನ್ನು ಹಿಡಿದು ಮನೆಮನೆಗೆ, ಸಂತೆಗೆ, ಕಾರ್ಖಾನೆಯ ಬಾಗಿಲಿಗೆ ಹೋಗಿ ರುಜು ಪಡೆದು, ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಸುರುಳಿ ಸುತ್ತುವರು. 1839ರ ಮೊದಲನೆಯ ಬಿನ್ನವತ್ತಳೆಯಲ್ಲಿ 12 ಲಕ್ಷ 80 ಸಾವಿರ ರುಜುಗಳಿದ್ದುವು. ಜುಲೈ 12ರಂದು ಸಭೆಯು ಅದನ್ನು ಪರಿಶೀಲಿಸಲು ಸಹ ಒಪ್ಪಲಿಲ್ಲ: ಪರವಾಗಿ 46, ವಿರೋಧವಾಗಿ 235. ಆ ನವೆಂಬರಿನಲ್ಲಿ ವೇಲ್ಸಿನ ನ್ಯೂಪೋರ್ಟಿನಲ್ಲಿ ಗಣಿಯವರು ದಂಗೆಯೆದ್ದು, ಸೈನಿಕರ ಗುಂಡಿಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಇಷ್ಟಾದ ಮೇಲೆಯೂ ಜನರು ಮತ್ತೆ ಹಾಳೆಯನ್ನೇ ಹಿಡಿದರು. 1840ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಘಕ್ಕೆ ವಾರಕ್ಕೊಂದು ಪೆನ್ನಿಯಂತೆ ತೆತ್ತು, 1842ರ ಮೇ ತಿಂಗಳಲ್ಲಿ 33 ಲಕ್ಷ ರುಜುಗಳ ಎರಡನೆಯ ಬಿನ್ನವತ್ತಳೆಯನ್ನು ಹೊತ್ತು ತಂದರು. ಸುರುಳಿಯು ಸಭಾಭವನದ ಬಾಗಿಲಿನಲ್ಲಿ ಹಿಡಿಸಲಿಲ್ಲ. ಬಿಡಿಬಿಡಿಯಾಗಿ ಒಳಗೆ ಸಾಗಿಸಿ ರಾಶಿ ಹಾಕಬೇಕಾಯಿತು. ಪರವಾಗಿ 49, ವಿರೋಧವಾಗಿ 287. ಮೂರು ವರ್ಷಗಳಲ್ಲಿ ರುಜುಗಳು ಇಪ್ಪತ್ತು ಲಕ್ಷ ಹೆಚ್ಚಿದುವು; ಅನುಕೂಲ ಮತಗಳು ಮೂರು ಹೆಚ್ಚಿದುವು. ಮರು ತಿಂಗಳಲ್ಲಿ ಶೆಫೀಲ್ಡಿನ ಚಾರ್ಟಿಸ್ಟನಾದ ಸ್ಯಾಮುಯೆಲ್ ಹೋಲ್ಬೆರಿಯು ಯಾರ್ಕಿನ ಸೆರೆಮನೆಯಲ್ಲಿ ಕ್ಷಯಿಸಿ 27ನೆಯ ವಯಸ್ಸಿನಲ್ಲಿ ತೀರಿಕೊಂಡನು. ಆತನ ಶವಯಾತ್ರೆಗೆ ಸಾವಿರಗಟ್ಟಲೆ ಜನ ಸೇರಿದರು.

ಚುನಾವಣೆಯ ದಿನಗಳಲ್ಲಿ ಮತವಿಲ್ಲದವನಿಗೂ ಒಂದು ವಿನೋದವಿತ್ತು. ಆ ಕಾಲದಲ್ಲಿ ಉಮೇದುವಾರರ ಹೆಸರುಗಳನ್ನು ಬಯಲಿನ ಅಟ್ಟಣೆಯ ಮೇಲಿಂದ ಸಾರಿ, ನೆರೆದವರು ಕೈಯೆತ್ತಬೇಕೆಂದು ಮೊದಲು ಕೇಳುವ ಸಂಪ್ರದಾಯವಿತ್ತು. ಯಾರಾದರೂ ಒಪ್ಪದೆ ಮತಗಣನೆಯನ್ನು ಬೇಡಿದರೆ ಮಾತ್ರ ನಿಜವಾದ ಮತದಾನ. ಚಾರ್ಟಿಸ್ಟರು ತಮ್ಮವನೊಬ್ಬನನ್ನು ನಿಲ್ಲಿಸಿ, ಕೈಗಳ ಕಾಡನ್ನೇ ಎತ್ತಿ ಅವನನ್ನು ಗೆಲ್ಲಿಸುವರು. ಮರುದಿನದ ಮತದಾನದಲ್ಲಿ ಆ ಕೈಗಳಿಗೆ ಬೆಲೆಯಿಲ್ಲ. ಹಾಗಿದ್ದರೂ ಒಂದು ದಿನದ ಮಟ್ಟಿಗೆ ಅವರು ಪ್ರಜೆಗಳಾಗಿದ್ದರು.

ಮೂರನೆಯ ಬಿನ್ನವತ್ತಳೆಯು 1848ರ ಏಪ್ರಿಲ್ 10ರಂದು ಲಂಡನ್ನಿನ ಕೆನಿಂಗ್ಟನ್ ಬಯಲಿನಿಂದ ಹೊರಟಿತು. ಸರ್ಕಾರವು ನಗರದ ರಕ್ಷಣೆಯನ್ನು ವೃದ್ಧನಾದ ವೆಲಿಂಗ್ಟನ್ನನಿಗೆ ವಹಿಸಿ, ರಾಣಿಯನ್ನು ವೈಟ್ ದ್ವೀಪಕ್ಕೆ ಕಳುಹಿಸಿತ್ತು. ಮೆರವಣಿಗೆಗೆ ಸೇತುವೆಗಳನ್ನು ದಾಟಲು ಅಪ್ಪಣೆಯಾಗಲಿಲ್ಲ. ಸುರುಳಿಗಳು ಬಾಡಿಗೆಯ ಬಂಡಿಗಳಲ್ಲಿ ಹೋದುವು. 57 ಲಕ್ಷ ರುಜುಗಳಿವೆಯೆಂದು ಓಕಾನರನು ಸಾರಿದನು. ಸಭೆಯ ಸಮಿತಿಯು ಗುಮಾಸ್ತರಿಂದ ಎಣಿಸಿ, ಇರುವುವು 19,75,496 ಎಂದಿತು. ಅದರಲ್ಲಿ ವಿಕ್ಟೋರಿಯಾ ರಾಣಿಯದೂ ವೆಲಿಂಗ್ಟನ್ನನದೂ, ‘ಚಪ್ಪಟೆ ಮೂಗು’ ಎಂಬುದೇ ಮೊದಲಾದ ಕುಚೋದ್ಯದ ಹೆಸರುಗಳೂ ಇವೆಯೆಂದಿತು. ದೇಶವೆಲ್ಲ ನಕ್ಕಿತು. ಎಣಿಸಿದ ಗುಮಾಸ್ತರು 13 ಮಂದಿ, ಹಿಡಿದ ಹೊತ್ತು 17 ಗಂಟೆಯೆಂದು ಸಮಿತಿಯೇ ಹೇಳಿದೆ. ಭಾಗಿಸಿ ನೋಡಿದರೆ ಒಬ್ಬೊಬ್ಬನು ಉಸಿರು ಬಿಡದೆ ನಿಮಿಷಕ್ಕೆ 149 ರುಜುಗಳನ್ನು ಎಣಿಸಿರಬೇಕು! ಓಕಾನರನ ಸಂಖ್ಯೆಯಲ್ಲಿ ಅತಿಶಯೋಕ್ತಿಯಿದ್ದುದು ದಿಟ. ಸಮಿತಿಯ ಸಂಖ್ಯೆಯೂ ಶಪಥಯೋಗ್ಯವಲ್ಲ. ಒಂದೇ ಕೈಬರಹದಲ್ಲಿ ಹಲವು ಹೆಸರುಗಳಿದ್ದುದೂ ದೋಷವೆನಿಸಿತು. ಬರೆಯಲರಿಯದವರು ನೆರೆಯವನ ಕೈಯಿಂದ ಹೆಸರು ಬರೆಯಿಸುವುದು ಲೋಕರೂಢಿಯೆಂಬುದು ಆ ಮಹನೀಯರಿಗೆ ಹೊಳೆಯಲಿಲ್ಲವೆಂದು ತೋರುತ್ತದೆ.

ಚಳವಳಿಯು ಆ ಬಳಿಕ ಚೇತರಿಸಿಕೊಳ್ಳಲಿಲ್ಲ. ಓಕಾನರನು ಬುದ್ಧಿಭ್ರಮಣೆಗೆ ಒಳಗಾಗಿ 1855ರಲ್ಲಿ ತೀರಿಕೊಂಡನು. ಆರು ಬೇಡಿಕೆಗಳಾದರೋ ಒಂದೊಂದಾಗಿ, ಬೇಡಿದವರ ಹೆಸರನ್ನೆತ್ತದೆ, ಶಾಸನಗಳಾದುವು: ಸದಸ್ಯರ ಆಸ್ತಿಯ ನಿಬಂಧನೆಯು 1858ರಲ್ಲಿ ಹೋಯಿತು, ಗುಪ್ತಮತವು 1872ರಲ್ಲಿ ಬಂದಿತು, ಸದಸ್ಯರಿಗೆ ಸಂಬಳವು 1911ರಲ್ಲಿ. ವರ್ಷಕ್ಕೊಂದು ಚುನಾವಣೆಯನ್ನು ಮಾತ್ರ ಯಾರೂ ತರಲಿಲ್ಲ. ಭಾರತವು 1951-52ರ ಪ್ರಥಮ ಮಹಾಚುನಾವಣೆಯಲ್ಲಿ, ಇಪ್ಪತ್ತೊಂದು ತುಂಬಿದ ಗಂಡಸರಿಗೂ ಹೆಂಗಸರಿಗೂ ಆಸ್ತಿಯನ್ನಾಗಲಿ ಅಕ್ಷರವನ್ನಾಗಲಿ ಕೇಳದೆ ಒಮ್ಮೆಗೇ ಕೊಟ್ಟುದನ್ನು ಆಂಗ್ಲದೇಶವು ಕಂತುಕಂತಾಗಿ ಕೊಟ್ಟಿತು. 1867ರಲ್ಲಿ ಪಟ್ಟಣದ ಮನೆಯೊಕ್ಕಲಿನ ಕೆಲಸಗಾರನಿಗೆ, 1884ರಲ್ಲಿ ಹಳ್ಳಿಯವನಿಗೆ, 1918ರಲ್ಲಿ ಇಪ್ಪತ್ತೊಂದು ತುಂಬಿದ ಎಲ್ಲ ಗಂಡಸರಿಗೂ, ಮೂವತ್ತು ದಾಟಿದ ಬಹುಮಂದಿ ಹೆಂಗಸರಿಗೂ ಮತವು ದೊರೆಯಿತು. 1840ರಲ್ಲಿ ಫಿಯರ್ಗಸ್ ಓಕಾನರನ ಹೆಸರನ್ನು ಇಟ್ಟುಕೊಂಡ ನೇಕಾರನ ಮಗನೊಬ್ಬನು ಅಂದಿಗೆ ಬದುಕಿದ್ದರೆ ಅವನಿಗೆ ಎಪ್ಪತ್ತೆಂಟು ವರ್ಷಗಳಾಗಿರುತ್ತಿದ್ದುವು.