ಕುರ್ಚಿಯಲ್ಲಿ ಕೂತವನ ಚರಿತ್ರೆ

ಸ್ನೂಕರ್ ಆಟದಲ್ಲಿ ಕ್ಯೂ ಹಿಡಿದು ನಿಂತವನಿಗಿಂತ ಕುರ್ಚಿಯಲ್ಲಿ ಕೂತವನ ಪಾಡು ಕಷ್ಟದ್ದು. ಕ್ರಿಕೆಟ್ಟಿನಲ್ಲಿ ಎದುರಾಳಿ ಬ್ಯಾಟ್ ಬೀಸುವಾಗ ನಮ್ಮ ಕೈಯಲ್ಲಿ ಚೆಂಡಾದರೂ ಇರುತ್ತದೆ. ಟೆನಿಸ್ಸಿನಲ್ಲಿ ಅವನು ಹೊಡೆದದ್ದನ್ನು ನಾವು ತಿರುಗಿ ಹೊಡೆಯಬಹುದು. ಸ್ನೂಕರಿನಲ್ಲಿ ಎದುರಾಳಿ ಒಂದಾದ ಮೇಲೊಂದು ಚೆಂಡನ್ನು ಪಾಕೆಟ್ಟಿಗೆ ಇಳಿಸುತ್ತ ಹೋದರೆ ಇನ್ನೊಬ್ಬ ಮಾಡಬಹುದಾದದ್ದು ಏನೂ ಇಲ್ಲ. ಹದಿನೈದು ಕೆಂಪು ಚೆಂಡು, ಆರು ಬಣ್ಣದ ಚೆಂಡು. ಪ್ರತಿ ಕೆಂಪಿನ ನಂತರ ಕಪ್ಪನ್ನೇ ಹಾಕುತ್ತ, ಕೊನೆಗೆ ಬಣ್ಣದವನ್ನೂ ಮುಗಿಸಿ ಮೇಜು ಖಾಲಿ ಮಾಡಿದರೆ 147 ಅಂಕ. ಅಷ್ಟು ಹೊತ್ತೂ ಇವನು ನೀರು ಕುಡಿಯುತ್ತ, ಸೋಲನ್ನು ಹತ್ತಿರದಿಂದ ನೋಡುತ್ತ ಕೂತಿರಬೇಕು. ಇಂಗ್ಲೆಂಡಿನ ಶೆಫೀಲ್ಡ್ ನಗರದ ಕ್ರೂಸಿಬಲ್ ಎಂಬ ನಾಟಕಶಾಲೆಯಲ್ಲಿ 1977ರಿಂದ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ. ಅಲ್ಲಿ ಸಾವಿರಕ್ಕೂ ಕಡಿಮೆ ಆಸನಗಳಿವೆ. ಫೈನಲ್ ಎರಡು ದಿನದ್ದು, 35 ಫ್ರೇಮ್‌ಗಳಲ್ಲಿ ಮೊದಲು 18 ಗೆದ್ದವನು ಚಾಂಪಿಯನ್. ಆ ಎರಡು ದಿನಗಳಲ್ಲಿ ಅರ್ಧದಷ್ಟು ಹೊತ್ತು ಒಬ್ಬ ಆಟಗಾರ ಆಡುತ್ತಲೇ ಇರುವುದಿಲ್ಲ.

ಕಾರ್ಮಿಕರ ಬಿಡುವಿನ ವೇಳೆಯ ಚರಿತ್ರೆಯನ್ನು ಅಭ್ಯಾಸ ಮಾಡುವ ನನಗೆ ಈ ಕುರ್ಚಿ ಒಂದು ಒಳ್ಳೆಯ ಆಕರದಂತೆ ಕಾಣುತ್ತದೆ. ಮೇಜಿನ ಅಳತೆ ಎಲ್ಲರಿಗೂ ಒಂದೇ, ಚೆಂಡಿನ ತೂಕವೂ ಒಂದೇ. ಕುರ್ಚಿಯಲ್ಲಿ ಕೂತಾಗ ಮನಸ್ಸಿಗೆ ಬರುವುದು ಮಾತ್ರ ಒಬ್ಬೊಬ್ಬನಿಗೆ ಒಂದೊಂದು. ಗಣಿಯಿಂದ ಬಂದವನಿಗೆ ಒಂದು, ಮನೆ ಮಾರಿ ಬಂದವನಿಗೆ ಇನ್ನೊಂದು. ಒತ್ತಡವನ್ನು ತಡೆದುಕೊಳ್ಳುವ ಶಕ್ತಿಯನ್ನು ನಾವು ಸಾಮಾನ್ಯವಾಗಿ ಒಬ್ಬೊಬ್ಬರ ಸ್ವಭಾವವೆಂದು ವಿವರಿಸಿಬಿಡುತ್ತೇವೆ. ಅದಕ್ಕೂ ಒಂದು ಸಾಮಾಜಿಕ ಚರಿತ್ರೆಯಿದೆ ಎಂಬುದು ನನ್ನ ವಾದ.

ಈ ಆಟದ ಹುಟ್ಟು ನಮ್ಮ ನೆಲದಲ್ಲೇ ಆಯಿತು. 1875ರಲ್ಲಿ ಜಬಲ್‌ಪುರದ ಸೈನ್ಯಾಧಿಕಾರಿಗಳ ಮೆಸ್ಸಿನಲ್ಲಿ ಬೇಸರ ಕಳೆಯಲು ನೆವಿಲ್ ಚೇಂಬರ್ಲೇನ್ ಎಂಬ ಯುವ ಅಧಿಕಾರಿ ಬಿಲಿಯರ್ಡ್ಸ್ ಮೇಜಿನ ಮೇಲೆ ಇನ್ನಷ್ಟು ಬಣ್ಣದ ಚೆಂಡುಗಳನ್ನಿಟ್ಟು ಆಡಿದ. 1882ರಲ್ಲಿ ಊಟಿಯ ಕ್ಲಬ್ಬಿನಲ್ಲಿ ಅದರ ನಿಯಮಗಳನ್ನು ಬರೆದು ಹಾಕಲಾಯಿತು. 'ಸ್ನೂಕರ್' ಎಂಬುದು ಬ್ರಿಟಿಷ್ ಸೈನಿಕ ಶಾಲೆಯಲ್ಲಿ ಹೊಸದಾಗಿ ಸೇರಿದ ಹುಡುಗರನ್ನು ಗೇಲಿ ಮಾಡುವ ಮಾತು. ಸುಲಭದ ಚೆಂಡೊಂದನ್ನು ತಪ್ಪಿಸಿದ ಜೊತೆಗಾರನನ್ನು ಚೇಂಬರ್ಲೇನ್ ಹಾಗೆ ಕರೆದನಂತೆ. ಅಂದರೆ ಆಟದ ಹೆಸರಿನಲ್ಲಿಯೇ ಎಲ್ಲರ ಮುಂದೆ ತಪ್ಪುವ ಅವಮಾನ ಸೇರಿಕೊಂಡಿದೆ. ಅಧಿಕಾರಿಗಳಿಗಾದರೋ ಅದು ತಮಾಷೆ. ತಪ್ಪಿದರೆ ಹೋಗುವುದು ಒಂದಿಷ್ಟು ಬಾಜಿಯ ಹಣ, ಅಷ್ಟೆ.

ಆಟ ಇಂಗ್ಲೆಂಡಿಗೆ ಹೋಗಿ, ಅಧಿಕಾರಿಗಳ ಕೈಯಿಂದ ಜಾರಿ, ಕಾರ್ಮಿಕರ ಕ್ಲಬ್ಬು ಸೇರಿತು. ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳಲ್ಲಿ ಗಣಿ ಕಾರ್ಮಿಕರು ತಮ್ಮ ಕೂಲಿಯಿಂದ ಪುಡಿಗಾಸು ಕೂಡಿಸಿ ಸಭಾಭವನಗಳನ್ನು ಕಟ್ಟಿಕೊಂಡಿದ್ದರು. ಅಲ್ಲಿ ಗ್ರಂಥಾಲಯವೂ ಇತ್ತು, ಬಿಲಿಯರ್ಡ್ಸ್ ಮೇಜೂ ಇತ್ತು. ಟ್ರೆಡಿಗರ್ ಎಂಬ ಊರಿನ ಅಂಥ ಭವನದ ಗ್ರಂಥಾಲಯದಲ್ಲಿ ಓದಿದ ಅನ್ಯೂರಿನ್ ಬೆವನ್ ಮುಂದೆ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಕಟ್ಟಿದ. ಅದೇ ಭವನದ ಮೇಜಿನಲ್ಲಿ ಆಡಿ ಬೆಳೆದ ರೇ ರಿಯರ್ಡನ್ ಆರು ಸಲ ವಿಶ್ವ ಚಾಂಪಿಯನ್ ಆದ.

ರಿಯರ್ಡನ್ ಹದಿನಾಲ್ಕನೇ ವಯಸ್ಸಿಗೆ ಅಪ್ಪನ ಹಿಂದೆ ಗಣಿಗಿಳಿದವನು. ಕೈ ಕೆಡಬಾರದೆಂದು ಗಣಿಯಲ್ಲಿ ಬಿಳಿ ಕೈಗವಸು ಹಾಕಿಕೊಳ್ಳುತ್ತಿದ್ದ. 1957ರಲ್ಲಿ ಸ್ಟೋಕ್ ಬಳಿಯ ಗಣಿಯೊಂದರಲ್ಲಿ ಮೇಲಿನ ಬಂಡೆ ಕುಸಿದು ಮೂರು ಗಂಟೆ ಹೂತುಹೋಗಿದ್ದ. ಅಲುಗಿದರೆ ಉಸಿರು ಕಟ್ಟುತ್ತದೆ, ಹೆದರಿದರೂ ಉಸಿರು ಕಟ್ಟುತ್ತದೆ. ಆಗ ಆತ ಮನಸ್ಸಿನಲ್ಲೇ ತನ್ನ ತಮ್ಮನ ಜೊತೆ ಗೋಲಿ ಆಡುತ್ತ ಕಾಲ ಕಳೆದನಂತೆ. ಆಮೇಲೆ ಗಣಿ ಬಿಟ್ಟು ಪೊಲೀಸನಾದ, 1967ರಲ್ಲಿ ವೃತ್ತಿಪರ ಆಟಗಾರನಾದ. 1970ರಿಂದ 1978ರ ನಡುವೆ ಆರು ಪ್ರಶಸ್ತಿ ಗೆದ್ದ.

ಈ ಕಥೆಯನ್ನು ಹೇಳುವವರೆಲ್ಲ ಅದನ್ನು ಒಂದು ನೀತಿಯಾಗಿ ಹೇಳುತ್ತಾರೆ: ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತದೆ. ನನಗೆ ಅನುಮಾನ. ಆ ಕಾಲದ ಗಣಿಗಳಲ್ಲಿ ಹೂತುಹೋದವರು ಸಾವಿರಾರು ಮಂದಿ, ಅವರಲ್ಲಿ ಚಾಂಪಿಯನ್ ಆದವನು ಒಬ್ಬ. ಗಣಿ ಗಟ್ಟಿ ಮಾಡಿದ್ದಕ್ಕಿಂತ ಮುರಿದದ್ದೇ ಹೆಚ್ಚು. ರಿಯರ್ಡನ್‌ಗೆ ಗಣಿಯಿಂದ ಸಿಕ್ಕಿದ್ದು ಒಂದು ಕಲಿಕೆ: ಮಾಡಲು ಏನೂ ಇಲ್ಲದಾಗ ಮನಸ್ಸಿಗೊಂದು ಕೆಲಸ ಕೊಡುವುದು. ಕುರ್ಚಿಯಲ್ಲಿ ಕೂತವನಿಗೆ ಬೇಕಾದದ್ದೂ ಅದೇ. ಆದರೆ ಆ ಕಲಿಕೆಯನ್ನು ಆಟವಾಗಿಸಿಕೊಳ್ಳಲು ಟ್ರೆಡಿಗರ್‌ನ ಭವನವೂ ಬೇಕಾಯಿತು. ಕೂಲಿಯ ಕಾಸಿನಲ್ಲಿ ಕಟ್ಟಿದ ಆ ಮೇಜು ಇಲ್ಲದಿದ್ದರೆ ಗೋಲಿಯಾಟ ಗೋಲಿಯಾಟವಾಗಿಯೇ ಉಳಿಯುತ್ತಿತ್ತು.

ಈ ಹೊತ್ತಿಗೆ ಆಟಕ್ಕೆ ಹಣ ಬರತೊಡಗಿತ್ತು. 1927ರಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಜೋ ಡೇವಿಸ್‌ಗೆ ಸಿಕ್ಕಿದ್ದು ಆರೂವರೆ ಪೌಂಡ್. 1969ರಲ್ಲಿ ಬಣ್ಣದ ಟಿವಿಯನ್ನು ಜನರಿಗೆ ರುಚಿ ಹತ್ತಿಸಲು ಬಿಬಿಸಿ ಹುಡುಕಿದ ಕಾರ್ಯಕ್ರಮಗಳಲ್ಲಿ ಸ್ನೂಕರ್ ಒಂದು. ಬಣ್ಣದ ಚೆಂಡುಗಳ ಆಟಕ್ಕಿಂತ ಒಳ್ಳೆಯ ಜಾಹೀರಾತು ಬೇರೆ ಯಾವುದಿತ್ತು? ಜೊತೆಗೆ ಕ್ಯಾಮೆರಾ ಕುರ್ಚಿಯ ಕಡೆಗೂ ತಿರುಗಿತು. ಹಿಂದೆ ಕ್ಲಬ್ಬಿನ ಹೊಗೆಯಲ್ಲಿ ಮರೆಯಾಗುತ್ತಿದ್ದ ಮುಖ ಈಗ ಲಕ್ಷಾಂತರ ಮನೆಗಳ ನಡುಮನೆಗೆ ಬಂತು.

1985ರ ಫೈನಲ್ಲನ್ನು ಒಂದು ಕೋಟಿ 85 ಲಕ್ಷ ಜನ ನೋಡಿದರು. ಒಂದು ಕಡೆ ಲಂಡನ್ನಿನ ಸ್ಟೀವ್ ಡೇವಿಸ್. ಅಪ್ಪ ಮಗನಿಗೆ ಜೋ ಡೇವಿಸ್ ಬರೆದ ಪುಸ್ತಕವನ್ನು ಕೊಟ್ಟು, ಕಾರ್ಮಿಕರ ಕ್ಲಬ್ಬಿನಲ್ಲಿ ಅಭ್ಯಾಸ ಮಾಡಿಸಿದ್ದ. ಇನ್ನೊಂದು ಕಡೆ ಉತ್ತರ ಐರ್ಲೆಂಡಿನ ಕೋಲ್‌ಐಲೆಂಡ್ ಎಂಬ ಪುಟ್ಟ ಊರಿನ ಡೆನಿಸ್ ಟೇಲರ್. ಹಿಂದಿನ ವರ್ಷವಷ್ಟೇ ತಾಯಿಯನ್ನು ಕಳೆದುಕೊಂಡವನು. ಟೇಲರ್ ಮೊದಲಿಗೆ 0-8ರಿಂದ ಹಿಂದಿದ್ದ. ಆಮೇಲೆ 17-17. ಕೊನೆಯ ಫ್ರೇಮ್ 68 ನಿಮಿಷ ನಡೆದು ಕಟ್ಟಕಡೆಗೆ ಕಪ್ಪು ಚೆಂಡೊಂದೇ ಉಳಿಯಿತು. ನಡುರಾತ್ರಿ ಕಳೆದಿತ್ತು. ಅಭ್ಯಾಸದ ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಹಾಕಬಲ್ಲ ಚೆಂಡನ್ನು ಡೇವಿಸ್ ತಪ್ಪಿಸಿದ, ಟೇಲರ್ ಹಾಕಿದ. ಇಡೀ ಪಂದ್ಯದಲ್ಲಿ ಟೇಲರ್ ಮುನ್ನಡೆ ಪಡೆದದ್ದು ಆ ಒಂದೇ ಸಲ.

ಡೇವಿಸ್ ಆ ಹೊತ್ತಿನ ಅತ್ಯಂತ ಶಿಸ್ತಿನ ಆಟಗಾರ. ಶಿಸ್ತು ಒತ್ತಡವನ್ನು ಇಲ್ಲವಾಗಿಸಲಿಲ್ಲ, ಮುಂದಕ್ಕೆ ಹಾಕಿತ್ತು. ಆದರೆ ಆತ ಮುರಿಯಲಿಲ್ಲ. 1987ರಿಂದ ಸತತ ಮೂರು ಸಲ ಗೆದ್ದ. ಬೆನ್ನ ಹಿಂದೆ ಅಪ್ಪನಿದ್ದ, ವ್ಯವಹಾರ ನೋಡಿಕೊಳ್ಳುವ ಮ್ಯಾನೇಜರ್ ಇದ್ದ. ತಪ್ಪಿದ ಕಪ್ಪು ಚೆಂಡಿನ ಬೆಲೆ ಆತನಿಗೆ ಒಂದು ಪ್ರಶಸ್ತಿ, ಬದುಕಲ್ಲ.

ಬೆಲ್‌ಫಾಸ್ಟಿನ ಅಲೆಕ್ಸ್ ಹಿಗಿನ್ಸ್‌ಗೆ ಅಂಥ ಒರಗು ಇರಲಿಲ್ಲ. ಕುದುರೆ ಜಾಕಿಯಾಗಲು ಹದಿಹರೆಯದಲ್ಲೇ ಇಂಗ್ಲೆಂಡಿಗೆ ಹೋಗಿ, ಅದಾಗದೆ ಹಿಂತಿರುಗಿ, 1972ರಲ್ಲಿ ಮೊದಲ ಪ್ರಯತ್ನದಲ್ಲೇ ವಿಶ್ವ ಚಾಂಪಿಯನ್ ಆದ. 1982ರಲ್ಲಿ ಮತ್ತೆ ಗೆದ್ದಾಗ ತನ್ನ ಹಸುಗೂಸನ್ನು ಎತ್ತಿಕೊಂಡು ಅತ್ತ. ಜನ ಅವನನ್ನು ಪ್ರೀತಿಸಿದ್ದು ಆ ಅಳುವಿಗಾಗಿ, ಆ ಚಡಪಡಿಕೆಗಾಗಿ. ಕುಡಿತ, ಜಗಳ, ದಂಡ, ನಿಷೇಧ ಎಲ್ಲವೂ ಆಟದ ಜೊತೆಗೇ ಬಂದವು. 2010ರಲ್ಲಿ ಬೆಲ್‌ಫಾಸ್ಟಿನಲ್ಲಿ ಒಂಟಿಯಾಗಿ, ತೀರ ಸೊರಗಿ ಸತ್ತ. ಕೆನಡಾದ ಬಿಲ್ ವರ್ಬೆನಿಕ್‌ನ ಕಥೆ ಇನ್ನೂ ವಿಚಿತ್ರ. ಅವನ ತೋಳು ನಡುಗುತ್ತಿತ್ತು. ನಡುಕ ನಿಲ್ಲಲು ಪಂದ್ಯಕ್ಕೆ ಮುಂಚೆ ಲೀಟರುಗಟ್ಟಲೆ ಬಿಯರ್ ಕುಡಿದು ಬರುತ್ತಿದ್ದ. ಆ ಕುಡಿತದಿಂದ ಹೃದಯಕ್ಕೆ ಆಗುವ ಹೊಡೆತ ತಡೆಯಲು ಬೀಟಾ ಬ್ಲಾಕರ್ ಮಾತ್ರೆ. ಆ ಮಾತ್ರೆ ಕೈಯ ಅದುರನ್ನು ಕಡಿಮೆ ಮಾಡುವುದರಿಂದ ಆಟಗಾರರಿಗೆ ನಿಷೇಧವಾಯಿತು. ಅಲ್ಲಿಗೆ ಅವನ ವೃತ್ತಿ ಮುಗಿಯಿತು. ಇವತ್ತಿಗೂ ವರ್ಬೆನಿಕ್‌ನ ಬಿಯರ್ ಲೆಕ್ಕವನ್ನು ನಗೆಹನಿಯಂತೆ ಹೇಳುತ್ತಾರೆ. ಕುಡಿತದ ಮಾತಿಗೆ ನಗಬಹುದಾಗಿತ್ತು; ಭಯದ ಮಾತನ್ನು ಆಡುವುದಕ್ಕೆ ಆ ಕಾಲದಲ್ಲಿ ಭಾಷೆಯೇ ಇರಲಿಲ್ಲ.

ಕ್ಲಬ್ಬುಗಳ ಗಂಡಸರ ಲೋಕದಲ್ಲಿ ಸುಮ್ಮನಿರುವುದೇ ಮರ್ಯಾದೆ. ಸೋತಾಗ ಕೈಕುಲುಕು, ಗೆದ್ದಾಗ ಮುಗುಳ್ನಗು. ತನ್ನ 32ನೇ ಹುಟ್ಟುಹಬ್ಬದ ದಿನ, 1994ರ ಮೇ 2ರಂದು, ಜಿಮ್ಮಿ ವೈಟ್ ಫೈನಲ್‌ನ ಕೊನೆಯ ಫ್ರೇಮಿನಲ್ಲಿ ಸುಲಭದ ಕಪ್ಪೊಂದನ್ನು ತಪ್ಪಿಸಿ ಕುರ್ಚಿಗೆ ಹೋಗಿ ಕೂತ. ಸ್ಟೀಫನ್ ಹೆಂಡ್ರಿ ಮೇಜು ಖಾಲಿ ಮಾಡಿದ. ಅದು ವೈಟ್ ಸೋತ ಆರನೇ ಫೈನಲ್, ಆಮೇಲೆ ಮತ್ತೊಂದು ಸಿಗಲಿಲ್ಲ. ಆತ ನಕ್ಕು ಸೋಲನ್ನು ಒಪ್ಪಿಕೊಂಡದ್ದನ್ನು ಎಲ್ಲರೂ ಹೊಗಳಿದರು. ಆ ನಗುವಿನ ಹಿಂದೆ ಏನಿತ್ತೆಂದು ಕೇಳುವ ರೂಢಿ ಇರಲಿಲ್ಲ.

ಆ ರೂಢಿ ಬದಲಾದದ್ದು ನನ್ನ ಪೀಳಿಗೆಯ ಕಣ್ಣೆದುರಿನಲ್ಲಿ. ರಾನಿ ಒ'ಸಲಿವನ್‌ಗೆ ಹದಿನಾರು ತುಂಬಿದ್ದಾಗ, 1992ರಲ್ಲಿ, ಅಪ್ಪ ಕೊಲೆಯ ಅಪರಾಧಕ್ಕೆ ಜೈಲು ಸೇರಿದ. ಕೆಲವು ವರ್ಷಗಳ ನಂತರ ತೆರಿಗೆ ವಂಚನೆಗಾಗಿ ತಾಯಿಯೂ ಜೈಲಿಗೆ ಹೋದಳು. ಚಿಕ್ಕ ತಂಗಿಯ ಹೊಣೆ ಅವನ ಮೇಲೆ ಬಿತ್ತು. 1997ರಲ್ಲಿ ಐದೂಕಾಲು ನಿಮಿಷದೊಳಗೆ 147 ಮಾಡಿದ ಅದೇ ಹುಡುಗ ಖಿನ್ನತೆ, ಮಾದಕ ವಸ್ತುಗಳ ನಡುವೆ ಕಳೆದುಹೋಗುತ್ತಿದ್ದ. 2011ರಲ್ಲಿ ಸ್ಟೀವ್ ಪೀಟರ್ಸ್ ಎಂಬ ಮನೋವೈದ್ಯನ ಬಳಿಗೆ ಹೋದ. 2012ರಲ್ಲೂ 2013ರಲ್ಲೂ ವಿಶ್ವ ಪ್ರಶಸ್ತಿ ಗೆದ್ದ. ಈ ಎರಡರ ನಡುವೆ ಆಟವನ್ನು ಹೆಚ್ಚುಕಡಿಮೆ ಪೂರ್ತಿ ಬಿಟ್ಟು ಹಂದಿ ಸಾಕುವ ಫಾರ್ಮಿನಲ್ಲಿ ಕೆಲಸ ಮಾಡಿದ್ದ. ಲೆಸ್ಟರ್ ನಗರದ ಮಾರ್ಕ್ ಸೆಲ್ಬಿ ಎಂಟರ ವಯಸ್ಸಿಗೆ ತಾಯಿಯಿಂದ ದೂರವಾದವನು, ಹದಿನಾರಕ್ಕೆ ಅಪ್ಪನನ್ನು ಕಳೆದುಕೊಂಡವನು. ನಾಲ್ಕು ಸಲ ವಿಶ್ವ ಚಾಂಪಿಯನ್ ಆದ ಮೇಲೆ, 2022ರ ಜನವರಿಯಲ್ಲಿ, ತನ್ನ ಮನಸ್ಸು ಸರಿಯಿಲ್ಲವೆಂದು ಬಹಿರಂಗವಾಗಿ ಹೇಳಿದ. ಅಷ್ಟು ಪ್ರಶಸ್ತಿಗಳ ನಂತರವೇ ಆ ಮಾತು ಬಂತೆಂಬುದನ್ನು ಗಮನಿಸಬೇಕು. ದುರ್ಬಲನೆಂದು ಹೇಳಿಕೊಳ್ಳಲೂ ಮೊದಲು ಗೆದ್ದು ತೋರಿಸಬೇಕಾಗಿತ್ತೇನೋ.

ಹಾಗಾದರೆ ಇನ್ನೂ ಗೆಲ್ಲದವರ ಗತಿ? ಚೀನಾದ ಯೀಶಿಂಗ್ ಊರಿನ ಡಿಂಗ್ ಜುನ್‌ಹುಯಿಗಾಗಿ ಅಪ್ಪ ಮನೆ ಮಾರಿದ. 2005ರಲ್ಲಿ ಹದಿನೆಂಟರ ಹುಡುಗ ಬೀಜಿಂಗಿನಲ್ಲಿ ಹೆಂಡ್ರಿಯನ್ನು ಸೋಲಿಸಿದಾಗ ಕೋಟ್ಯಂತರ ಚೀನೀಯರು ನೋಡುತ್ತಿದ್ದರು. ಅಲ್ಲಿಂದಾಚೆಗೆ ಸಾವಿರಾರು ಮನೆಗಳಲ್ಲಿ ಮಕ್ಕಳ ಕೈಗೆ ಕ್ಯೂ ಬಂತು. ಡಿಂಗ್ 2016ರ ವಿಶ್ವ ಫೈನಲ್‌ನಲ್ಲಿ ಸೆಲ್ಬಿಗೆ ಸೋತ. ಅವನ ಹಿಂದೆ ಶೆಫೀಲ್ಡಿಗೆ ಬಂದ ಹುಡುಗರು ಭಾಷೆ ಬಾರದ ನಾಡಿನಲ್ಲಿ, ಬಾಡಿಗೆ ಕೋಣೆಗಳಲ್ಲಿ, ಮನೆಯವರ ಹಣದ ಲೆಕ್ಕ ಇಟ್ಟುಕೊಂಡು ಬೆಳೆದರು. 2023ರಲ್ಲಿ ಚೀನಾದ ಹತ್ತು ಆಟಗಾರರಿಗೆ ಪಂದ್ಯ ಫಿಕ್ಸಿಂಗ್ ಪ್ರಕರಣದಲ್ಲಿ ಶಿಕ್ಷೆಯಾಯಿತು. ಇಬ್ಬರಿಗೆ ಆಜೀವ ನಿಷೇಧ. ಹಿರಿಯನೊಬ್ಬ ಕಿರಿಯರ ಮೇಲೆ ಹಾಕಿದ ಒತ್ತಡದ ಮಾತು ವಿಚಾರಣೆಯ ತೀರ್ಪಿನಲ್ಲೇ ಇದೆ. ತಪ್ಪು ತಪ್ಪೇ. ಆದರೆ ಒಂಟಿತನವೂ ಒಂದು ಬಗೆಯ ಕುರ್ಚಿ. ಅಲ್ಲಿ ಕೂತವನಿಗೆ ಯಾರು ಮೊದಲು ಬಂದು ಮಾತಾಡಿಸುತ್ತಾರೋ ಅವರ ಮಾತು ದೊಡ್ಡದಾಗಿ ಕೇಳುತ್ತದೆ.

ಆ ಹತ್ತರಲ್ಲಿ ಒಬ್ಬ ಝಾವೊ ಶಿನ್‌ತೊಂಗ್. ಯಾವ ಪಂದ್ಯವನ್ನೂ ತಾನು ಮಾರಿಕೊಂಡಿರಲಿಲ್ಲ. ಇನ್ನೊಬ್ಬನ ಫಿಕ್ಸಿಂಗಿನಲ್ಲಿ ಪಾಲುಗೊಂಡದ್ದಕ್ಕೆ, ಬಾಜಿ ಕಟ್ಟಿದ್ದಕ್ಕೆ ಇಪ್ಪತ್ತು ತಿಂಗಳ ನಿಷೇಧ ಅನುಭವಿಸಿದ. ಹಿಂತಿರುಗಿದಾಗ ವೃತ್ತಿಪರ ಸ್ಥಾನವೇ ಇರಲಿಲ್ಲ. ಹವ್ಯಾಸಿಯಾಗಿ ಅರ್ಹತಾ ಸುತ್ತುಗಳನ್ನು ಆಡಿ ಕ್ರೂಸಿಬಲ್ ತಲುಪಿದ. ಸೆಮಿಫೈನಲ್‌ನಲ್ಲಿ ಒ'ಸಲಿವನ್‌ನನ್ನು, 2025ರ ಮೇ ತಿಂಗಳ ಫೈನಲ್‌ನಲ್ಲಿ ಐವತ್ತರ ಮಾರ್ಕ್ ವಿಲಿಯಮ್ಸ್‌ನನ್ನು ಸೋಲಿಸಿ ಏಷ್ಯಾದ ಮೊದಲ ವಿಶ್ವ ಚಾಂಪಿಯನ್ ಆದ.

ಇಲ್ಲಿ ಬೆಂಗಳೂರಿನ ಒಂದು ಉದಾಹರಣೆಯನ್ನು ಪಕ್ಕದಲ್ಲಿಟ್ಟು ನೋಡಬೇಕೆನಿಸುತ್ತದೆ. ಪಂಕಜ್ ಅಡ್ವಾಣಿ ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡವನು. ಅಣ್ಣನ ಹಿಂದೆ ಸ್ನೂಕರ್ ಪಾರ್ಲರಿಗೆ ಹೋಗಿ ಆಟ ಹಿಡಿದ. ಅರವಿಂದ ಸವೂರ್ ಅವರ ಬಳಿ ಕಲಿತ. 2003ರಲ್ಲಿ ಚೀನಾದಲ್ಲಿ ಹವ್ಯಾಸಿಗಳ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದ. ಅಣ್ಣ ಶ್ರೀ ಮುಂದೆ ಕ್ರೀಡಾ ಮನಶ್ಶಾಸ್ತ್ರಜ್ಞನಾದ. ಹೀಗೆ ಉಳಿದವರು ಊರು ಬಿಟ್ಟು ಹುಡುಕಬೇಕಾದದ್ದು ಇವನಿಗೆ ಮನೆಯಲ್ಲೇ ಸಿಕ್ಕಿತು. 2012ರಲ್ಲಿ ವೃತ್ತಿಪರ ಸರಣಿಗೆ ಸೇರಿ, 2013ರ ವೆಲ್ಷ್ ಓಪನ್ನಿನಲ್ಲಿ ಕ್ವಾರ್ಟರ್ ಫೈನಲ್ ತಲುಪಿ, 2014ರಲ್ಲಿ ಆ ಸರಣಿಯನ್ನೇ ಬಿಟ್ಟು ಬೆಂಗಳೂರಿಗೆ ಮರಳಿದ. ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡರಲ್ಲೂ ಸೇರಿ ಈಗ ಅವನ ಹೆಸರಿನಲ್ಲಿ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿಗಳಿವೆ. ಅವನು ಮರಳಿದ್ದನ್ನು ಹಿಂಜರಿಕೆ ಎಂದು ಓದುವವರಿದ್ದಾರೆ. ನಾನು ಹಾಗೆ ಓದಲಾರೆ. ಎಲ್ಲಿ ಕೂರಬೇಕೆಂಬುದನ್ನು ತಾನೇ ಆರಿಸಿಕೊಳ್ಳುವುದು ಒತ್ತಡ ನಿಭಾಯಿಸುವ ಒಂದು ದಾರಿ. ಮರಳಿ ಬರಲು ಮನೆ ಇದ್ದವನಿಗೆ ಮಾತ್ರ ಆ ದಾರಿ ತೆರೆದಿರುತ್ತದೆ. ಮನೆಯನ್ನೇ ಮಾರಿ ಬಂದ ಡಿಂಗ್‌ಗೆ ಅದು ಇರಲಿಲ್ಲ.

ರಿಯರ್ಡನ್ 2024ರ ಜುಲೈನಲ್ಲಿ 91ನೇ ವಯಸ್ಸಿನಲ್ಲಿ ತೀರಿಕೊಂಡಾಗ ಎಲ್ಲ ಬರಹಗಳಲ್ಲೂ ಆ ಮೂರು ಗಂಟೆಗಳ ಕಥೆ ಮತ್ತೆ ಬಂತು. ಅದನ್ನು ಓದುವಾಗ ನನಗೆ ಗಮನಕ್ಕೆ ಬಂದದ್ದು ಅವನ ಗಟ್ಟಿತನವಲ್ಲ. ಬಂಡೆಯಡಿಯ ಕತ್ತಲಲ್ಲಿ ಅವನು ಒಬ್ಬನೇ ಆಡಲಿಲ್ಲ, ಜೊತೆಗೆ ತಮ್ಮನನ್ನು ಕೂರಿಸಿಕೊಂಡಿದ್ದ.