ರೇಷ್ಮೆ ಸೀಮೆಯಲ್ಲಿ ಹಕ್ಕಿನ ಎಳೆಗಳು

ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ ಮಂಡಲಗಳಲ್ಲಿ ಮನೆಮಾತು ಹೆಚ್ಚಾಗಿ ಕನ್ನಡ, ಆಡಳಿತ ಆಂಧ್ರದ್ದು. ಇವು ಸೇರಿದ ಮಡಕಶಿರ ಸೀಮೆ 2022ರವರೆಗೆ ಅನಂತಪುರ ಜಿಲ್ಲೆಯಲ್ಲಿತ್ತು, ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಪಕ್ಕದ ಹಿಂದೂಪುರದಲ್ಲಿ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ, ಉತ್ತರಕ್ಕೆ ಧರ್ಮಾವರದ ಪಟ್ಟೆ ಮಗ್ಗಗಳು, ರಾಯದುರ್ಗದ ಆಚೆ ಕರ್ನಾಟಕದ ಮೊಳಕಾಲ್ಮೂರು. ಹಿಪ್ಪುನೇರಳೆ ಎಲೆಯಿಂದ ಸೀರೆಯ ಸೆರಗಿನವರೆಗಿನ ಕಸುಬು ಈ ವಲಯದೊಳಗೇ ನಡೆಯುತ್ತದೆ. ಕಾನೂನು ಬೌದ್ಧಿಕ ಆಸ್ತಿ ಎಂದು ಕರೆಯುವ ಹಕ್ಕುಗಳಲ್ಲಿ ಹೆಚ್ಚಿನವು ಈ ಕಸುಬಿನ ಒಂದೊಂದು ಹಂತದಲ್ಲಿ ಎದುರಾಗುತ್ತವೆ. ಅವು ಒಟ್ಟಿಗೆ ಹುಟ್ಟಿದವಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಬಂದವು.

ಮೈಸೂರು ರಾಜ್ಯದಲ್ಲಿ ರೇಷ್ಮೆ ಕೃಷಿಗೆ ಅಡಿಪಾಯ ಹಾಕಿದವನು ಟಿಪ್ಪು ಸುಲ್ತಾನ್. 1780ರ ದಶಕದಲ್ಲಿ ಅವನು ಬಂಗಾಳದಿಂದ ಹುಳುವಿನ ಮೊಟ್ಟೆ ತರಿಸಿ ಸಾಕಣೆ ಬೆಳೆಸಿದ. ಬಂಗಾಳದ ತಳಿ ಮೈಸೂರಿಗೆ ಬಂದಾಗ ಅದರ ಮೇಲೆ ಯಾರೂ ಒಡೆತನ ಕೇಳಲಿಲ್ಲ, ಅಂಥ ಒಡೆತನದ ಕಲ್ಪನೆಯೇ ಆಗ ಇರಲಿಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ನಾಡಿನಲ್ಲಿ ಮಡಕಶಿರವೂ ಸೇರಿತ್ತು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾದಾಗ ಅದು ಹೊಸ ಜಿಲ್ಲೆಯ ತಾಲ್ಲೂಕಾಯಿತು. ಶಿರಾ, ಪಾವಗಡಗಳು ಮೈಸೂರು ಸಂಸ್ಥಾನದಲ್ಲೇ ಉಳಿದವು.

ಈ ಗಡಿ ಕಾಯಿದೆಯ ಗಡಿಯೂ ಆಯಿತು. ಪೇಟೆಂಟ್‌ಗೆ ಬ್ರಿಟಿಷ್ ಇಂಡಿಯಾದ ಮೊದಲ ಕಾಯಿದೆ 1856ರದು. ಸರಕಿನ ಮೇಲೆ ಸುಳ್ಳು ಮುದ್ರೆ ಹಾಕುವುದನ್ನು ಶಿಕ್ಷಾರ್ಹವಾಗಿಸಿದ ಕಾಯಿದೆ 1889ರದು. ಪೇಟೆಂಟ್ ಮತ್ತು ವಿನ್ಯಾಸಗಳ ಕಾಯಿದೆ 1911ರದು. ಮದರಾಸು ಪ್ರಾಂತದಲ್ಲಿದ್ದ ರೊಳ್ಳಕ್ಕೆ ಇವು ಅನ್ವಯಿಸಿದವು. ಕೆಲವೇ ಹರದಾರಿ ಆಚೆಯ ಮೈಸೂರಿಗೆ ಅವು ತಾವಾಗಿ ಅನ್ವಯಿಸುತ್ತಿರಲಿಲ್ಲ. ಬೌದ್ಧಿಕ ಆಸ್ತಿಯ ಹಕ್ಕು ಅದನ್ನು ಕೊಟ್ಟ ಸರ್ಕಾರದ ನೆಲಕ್ಕೆ ಸೀಮಿತ ಎಂಬ ತತ್ವ ಇಂದಿಗೂ ಹಾಗೇ ಇದೆ. ಭಾರತದಲ್ಲಿ ನೋಂದಾಯಿಸಿದ ಮುದ್ರೆ ಸಿಂಗಾಪುರದಲ್ಲಿ ನಡೆಯಬೇಕಾದರೆ ಅಲ್ಲಿ ಬೇರೆ ನೋಂದಣಿ ಬೇಕು.

ಕಸುಬಿನ ಮೊದಲ ಹಂತ ಗಿಡ ಮತ್ತು ಹುಳು. 1970ರ ಪೇಟೆಂಟ್ ಕಾಯಿದೆಯ 3(ಜೆ) ಕಲಮು ಗಿಡ, ಪ್ರಾಣಿ, ಬೀಜ, ತಳಿಗಳನ್ನು ಪೇಟೆಂಟ್‌ನಿಂದ ಹೊರಗಿಡುತ್ತದೆ. ಗಿಡದ ತಳಿಗೆ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಬೇರೆ ದಾರಿ ಮಾಡಿತು. ತಳಿಗಾರನಿಗೆ ಅದರಲ್ಲಿ ಹಕ್ಕುಂಟು. ಆದರೆ ರೈತ ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೆ. ಹುಳುವಿನ ತಳಿಗೆ ಈ ದಾರಿಯೂ ಇಲ್ಲ. ಹಿಂದೂಪುರದ ಕಿರಿಕೆರೆಯಲ್ಲಿ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ, ದ್ವಿತಳಿ ಹುಳುಗಳ ಅಭಿವೃದ್ಧಿ ಅಲ್ಲಿ ನಡೆದಿದೆ. ಆದರೂ ಹುಳುವಿನ ತಳಿಗೆ ಪೇಟೆಂಟ್ ಸಿಗುವುದಿಲ್ಲ. ಬಿತ್ತನೆ ಮೊಟ್ಟೆಯ ಗುಣಮಟ್ಟವನ್ನು 2006ರಲ್ಲಿ ತಿದ್ದಿದ ಕೇಂದ್ರ ರೇಷ್ಮೆ ಮಂಡಳಿ ಕಾಯಿದೆ ನಿಯಂತ್ರಿಸುತ್ತದೆ. ಅದು ನಿಯಂತ್ರಣ, ಒಡೆತನವಲ್ಲ.

ಎರಡನೆಯದು ಯಂತ್ರ. ಅಂಚು, ಸೆರಗು, ಬುಟ್ಟಾಗಳ ಚಿತ್ರವನ್ನು ರಟ್ಟಿನ ತೂತುಗಳ ಮೂಲಕ ಮಗ್ಗಕ್ಕೆ ಒಪ್ಪಿಸುವ ಜಕಾರ್ಡ್ ಫ್ರಾನ್ಸಿನದು. 1805ರ ಸುಮಾರಿಗೆ ನೆಪೋಲಿಯನ್ನನ ಸರ್ಕಾರ ಅದನ್ನು ಸಾರ್ವಜನಿಕ ಸ್ವತ್ತೆಂದು ಸಾರಿ, ಅದನ್ನು ರೂಪಿಸಿದ ಜಕಾರ್ಡನಿಗೆ ಪಿಂಚಣಿ ಕೊಟ್ಟಿತು. ಹಾಗಾಗಿ ಅದು ಬೇಗ ಹರಡಿತು. ಇಂದಿನ ಕಾಯಿದೆಯಲ್ಲಿ ಹೊಸ ಯಂತ್ರಕ್ಕೆ ಅರ್ಜಿಯ ದಿನದಿಂದ 20 ವರ್ಷ ಪೇಟೆಂಟ್, ಆಮೇಲೆ ಅದು ಎಲ್ಲರದು. ತೆಲಂಗಾಣದ ಚಿಂತಕಿಂದಿ ಮಲ್ಲೇಶಂ ನೂಲು ಸುತ್ತುವ ‘ಲಕ್ಷ್ಮೀ ಆಸು’ ಯಂತ್ರಕ್ಕೆ ಪೇಟೆಂಟ್ ಪಡೆದದ್ದು ನೇಕಾರರ ಮನೆಯಲ್ಲೂ ಈ ಹಕ್ಕು ಹುಟ್ಟಬಲ್ಲದೆಂಬುದಕ್ಕೆ ಸಾಕ್ಷಿ. ಆದರೆ ಯಂತ್ರವನ್ನು ಮೊದಲೇ ಸಂತೆಯಲ್ಲೋ ಪತ್ರಿಕೆಯಲ್ಲೋ ತೋರಿಸಿ ಆಮೇಲೆ ಅರ್ಜಿ ಹಾಕಿದರೆ ಹೊಸತನ ಕಳೆದುಹೋಗುವ ಅಪಾಯವಿದೆ. ತಲೆಮಾರಿನಿಂದ ಬಂದ ಬಣ್ಣಗಾರಿಕೆಯಂಥ ಪರಂಪರೆಯ ತಿಳಿವಳಿಕೆಗೆ 3(ಪಿ) ಕಲಮಿನ ಪ್ರಕಾರ ಪೇಟೆಂಟ್ ಇಲ್ಲ. ಬಣ್ಣದ ಪಾಕವನ್ನು ಗುಟ್ಟಾಗಿಡುವವರಿಗೆ ಭಾರತದಲ್ಲಿ ಪ್ರತ್ಯೇಕ ಕಾಯಿದೆಯೂ ಇಲ್ಲ, ಕರಾರೇ ಆಧಾರ. ಅದರಲ್ಲೂ ಕೆಲಸ ಬಿಟ್ಟವನು ಅದೇ ಕಸುಬು ಮಾಡಬಾರದೆಂಬ ಷರತ್ತು 1872ರ ಕರಾರು ಕಾಯಿದೆಯ 27ನೇ ಕಲಮಿನ ಮುಂದೆ ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಮೂರನೆಯದು ಚಿತ್ರ. ಲೇಪಾಕ್ಷಿಯ ವೀರಭದ್ರ ದೇವಾಲಯದ ಚಿತ್ರ, ಕೆತ್ತನೆಗಳಿಂದ ಈ ಸೀಮೆಯ ಸೀರೆಗೆ ಅಂಚುಗಳು ಬಂದಿವೆ. ವಿಜಯನಗರ ಕಾಲದ ಆ ಬಳ್ಳಿ, ಹಂಸಗಳು ಯಾರ ಸ್ವತ್ತೂ ಅಲ್ಲ; ಅವುಗಳಿಂದ ಕಟ್ಟಿದ ಹೊಸ ಜೋಡಣೆಗೆ ಮಾತ್ರ ಹಕ್ಕು ಕೇಳಬಹುದು. 2000ದ ವಿನ್ಯಾಸಗಳ ಕಾಯಿದೆಯಡಿ ಹೊಸ ವಿನ್ಯಾಸಕ್ಕೆ 10 ವರ್ಷ, ಮುಂದೆ ಇನ್ನೂ 5 ವರ್ಷ ರಕ್ಷಣೆ ಉಂಟು. ಕಾಗದದ ಮೇಲಿನ ಚಿತ್ರಕ್ಕೆ ಕೃತಿಸ್ವಾಮ್ಯ ತಾನಾಗಿಯೇ ಬರುತ್ತದೆ, ಚಿತ್ರಕಾರ ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಬಟ್ಟೆ ವ್ಯಾಪಾರಿ ಎಡವುವುದು ಇವೆರಡರ ನಡುವೆ. ವಿನ್ಯಾಸವಾಗಿ ನೋಂದಾಯಿಸಬಹುದಾದದ್ದನ್ನು ನೋಂದಾಯಿಸದೆ, ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಕೃತಿಸ್ವಾಮ್ಯ ಕಾಯಿದೆಯ 15(2) ಕಲಮಿನಂತೆ ಆ ವಿನ್ಯಾಸದ ಮೇಲಿನ ಸ್ವಾಮ್ಯ ಮುಗಿಯುತ್ತದೆ. ಮೈಕ್ರೋಫೈಬರ್ಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2009ರಲ್ಲಿ ಬಟ್ಟೆಯ ವಿನ್ಯಾಸಕ್ಕೆ ಇದೇ ನಿಯಮ ಅನ್ವಯಿಸಿತು. ನೋಂದಣಿ ಸೀರೆ ಅಂಗಡಿಗೆ ಹೋಗುವ ಮುಂಚೆ ಆಗಬೇಕು.

ಕೊನೆಯದು ಹೆಸರು. 1940ರ ಟ್ರೇಡ್‌ಮಾರ್ಕ್ ಕಾಯಿದೆ ಬರುವವರೆಗೆ ಮುದ್ರೆಗೆ ದೇಶಮಟ್ಟದ ನೋಂದಣಿ ಇರಲಿಲ್ಲ. ತನ್ನ ಸರಕನ್ನು ಇನ್ನೊಬ್ಬರದೆಂದು ನಂಬಿಸಿ ಮಾರುವವನ ಮೇಲೆ ದಾವೆ ಹೂಡುವುದೇ ಮುಖ್ಯ ದಾರಿಯಾಗಿತ್ತು, ಆ ದಾವೆಯ ಹಕ್ಕು ಈಗಲೂ ಇದೆ. 1999ರ ಕಾಯಿದೆಯಂತೆ ಅಂಗಡಿಯ ಹೆಸರು, ಚಿಹ್ನೆಗಳ ನೋಂದಣಿ 10 ವರ್ಷದ್ದು, ಎಷ್ಟು ಸಲ ಬೇಕಾದರೂ ನವೀಕರಿಸಬಹುದು. ಆದರೆ ಸರಕು ಎಲ್ಲಿಯದೆಂದು ಮಾತ್ರ ಹೇಳುವ ಊರಿನ ಹೆಸರು ಸಾಮಾನ್ಯವಾಗಿ ಒಬ್ಬ ವ್ಯಾಪಾರಿಯ ಟ್ರೇಡ್‌ಮಾರ್ಕ್ ಆಗಲಾರದು.

ಊರಿನ ಹೆಸರಿಗೆ ಬೆಲೆ ತಂದವರು ನೇಕಾರರು, ಅದರ ಲಾಭ ವಿದ್ಯುತ್ ಮಗ್ಗಕ್ಕೂ ಹೋಯಿತು. ಇದಕ್ಕೆ ಮೊದಲ ಉತ್ತರ 1985ರ ಕೈಮಗ್ಗ ಮೀಸಲಾತಿ ಕಾಯಿದೆ. ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ಅದನ್ನು ಸುಪ್ರೀಂ ಕೋರ್ಟ್ 1993ರಲ್ಲಿ ಎತ್ತಿಹಿಡಿಯಿತು. ಅದು ನೇಯುವ ವಿಧಾನವನ್ನು ಕಾಯಿತು, ಹೆಸರನ್ನಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ನಂತರ ಹೆಸರನ್ನು ಕಾಯಲು ಬಂದ ಭೌಗೋಳಿಕ ಸೂಚಕಗಳ (ಜಿಐ) ಕಾಯಿದೆ 2003ರ ಸೆಪ್ಟೆಂಬರ್ 15ರಂದು ಜಾರಿಯಾಯಿತು, ನೋಂದಣಿ ಕಚೇರಿ ಚೆನ್ನೈಯಲ್ಲಿ ತೆರೆಯಿತು. ಮೈಸೂರು ರೇಷ್ಮೆ ಆರಂಭದ ನೋಂದಣಿಗಳಲ್ಲೊಂದು. ಮುಂದೆ ಮೊಳಕಾಲ್ಮೂರು ಸೀರೆ, ಧರ್ಮಾವರದ ಪಟ್ಟೆ ಸೀರೆಗಳೂ ಸೇರಿದವು. ರೇಷ್ಮೆ ಶುದ್ಧವೇ ಎಂಬುದನ್ನು ‘ಸಿಲ್ಕ್ ಮಾರ್ಕ್’ ಹೇಳುತ್ತದೆ, ಕೈಮಗ್ಗದ್ದೇ ಎಂಬುದನ್ನು ‘ಹ್ಯಾಂಡ್‌ಲೂಮ್ ಮಾರ್ಕ್’ ಹೇಳುತ್ತದೆ, ಯಾವ ಊರಿನದೆಂಬುದನ್ನು ಜಿಐ ಹೇಳುತ್ತದೆ. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇದ್ದಂತಲ್ಲ.

ಜಿಐ ನೋಂದಣಿಯೂ 10 ವರ್ಷದ್ದು, ನವೀಕರಿಸಬೇಕು. ಸಂಘದ ಹೆಸರಿನಲ್ಲಿ ನೋಂದಣಿಯಾದರೆ ಸಾಲದು; ಒಬ್ಬ ನೇಕಾರ ಅದನ್ನು ಸ್ವಂತ ಹಕ್ಕಾಗಿ ಚಲಾಯಿಸಬೇಕಾದರೆ ‘ಅಧಿಕೃತ ಬಳಕೆದಾರ’ನೆಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಸುಳ್ಳು ಬಳಕೆಗೆ 6 ತಿಂಗಳಿಂದ 3 ವರ್ಷ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಟ್ರೇಡ್‌ಮಾರ್ಕನ್ನು ಮಾರಬಹುದು, ಪೇಟೆಂಟನ್ನು ಬಾಡಿಗೆಗೆ ಕೊಡಬಹುದು. ಜಿಐಯನ್ನು 24ನೇ ಕಲಮಿನಂತೆ ಮಾರುವಂತಿಲ್ಲ, ಲೈಸೆನ್ಸ್ ಕೊಡುವಂತಿಲ್ಲ, ಅಡವಿಡುವಂತಿಲ್ಲ. ಅಧಿಕೃತ ಬಳಕೆದಾರ ತೀರಿಕೊಂಡಾಗ ಅವನ ಹಕ್ಕು ವಾರಸುದಾರರಿಗೆ ಮಾತ್ರ ಇಳಿಯುತ್ತದೆ. ಸೀರೆ ವ್ಯಾಪಾರದ ಸಂಸ್ಥೆಯನ್ನು ಕೊಳ್ಳುವವರು ಅದರ ಅಂಗಡಿ ಹೆಸರು, ನೋಂದಾಯಿತ ವಿನ್ಯಾಸಗಳು, ಯಂತ್ರದ ಪೇಟೆಂಟ್‌ಗಳಿಗೆ ಬೆಲೆ ಕಟ್ಟಬಹುದು. ಧರ್ಮಾವರ, ಮೊಳಕಾಲ್ಮೂರು ಎಂಬ ಹೆಸರುಗಳು ಆ ಕ್ರಯಪತ್ರದಲ್ಲಿ ಸೇರುವುದಿಲ್ಲ.