ಕಟ್ಟುವ ಹಣ, ಕಾಯುವ ಹಣ

ಹಾಸನ ಜಿಲ್ಲೆಯ ದಾನಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು, ಹಳತಾದದ್ದನ್ನು ಸರಿಪಡಿಸುವುದು ಎಂದು ಅದರ ಅರ್ಥ. ದೇವರ ಪೂಜೆ, ಋಷಿಗಳ ಆಹಾರದಾನದ ಜೊತೆಯಲ್ಲೇ ಈ ಖರ್ಚಿಗೂ ಊರನ್ನೋ ಗದ್ದೆಯನ್ನೋ ಬಿಟ್ಟುಕೊಡುತ್ತಿದ್ದರು. ಕಲ್ಲಿನ ಕಟ್ಟಡವೂ ಒಂದು ದಿನ ಹಾಳಾಗುತ್ತದೆ ಎಂಬುದು ಕಟ್ಟಿಸಿದವರಿಗೇ ಗೊತ್ತಿತ್ತು. ಬೇಲೂರಿನಲ್ಲಿ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ದೇವಾಲಯದ ಗೋಪುರ ಮುಂದೆ ಸುಟ್ಟುಹೋಯಿತು. ಅದನ್ನು 1397ರಲ್ಲಿ ಮತ್ತೆ ಕಟ್ಟಿಸಿದವನು ಇಮ್ಮಡಿ ಹರಿಹರನ ದಂಡನಾಯಕ ಗುಂಡ.

ದಾನಶಾಸನಗಳೇ ನನ್ನ ಸಂಶೋಧನೆಯ ವಿಷಯ. ಕಟ್ಟಲು ಹಣ ಕೊಡುವವರು ಸಿಗುತ್ತಾರೆ, ಕಾಯಲು ಕೊಡುವವರು ಕಡಿಮೆ; ಕೊಟ್ಟ ಮೇಲೂ ಅದು ಯಾವುದಕ್ಕೆ ಎಂಬ ತಕರಾರು ತಪ್ಪದು. ಇದು ಹೊಯ್ಸಳರ ಕಾಲಕ್ಕಷ್ಟೇ ಸೇರಿದ ಮಾತಲ್ಲ. ಇಂಗ್ಲೆಂಡಿನ ಎಕ್ಸ್ಎಚ್ 558 ಎಂಬ ವಲ್ಕನ್ ಬಾಂಬರ್ ವಿಮಾನದ ಕಥೆ ನೋಡಿ. ಒಂದು ದತ್ತಿ ಸಂಸ್ಥೆ ಜನರ ದೇಣಿಗೆಯಿಂದಲೂ ಲಾಟರಿ ನಿಧಿಯ ನೆರವಿನಿಂದಲೂ ಆ ಹಳೆಯ ವಿಮಾನವನ್ನು 2007ರಲ್ಲಿ ಮತ್ತೆ ಹಾರಿಸಿತು. 2015ರಲ್ಲಿ ಹಾರಾಟ ನಿಂತಿತು. ಅದನ್ನಿಟ್ಟು ತೋರಿಸಲು ಪರಂಪರೆಯ ಕೇಂದ್ರವೊಂದನ್ನು ಕಟ್ಟುವ ಯೋಜನೆ, ಸಾಕಷ್ಟು ಹಣ ಕೂಡದೆ 2022ರಲ್ಲಿ ಬಿದ್ದುಹೋಯಿತು. ಅದೇ ವರ್ಷ ವಿಮಾನ ನಿಂತಿದ್ದ ಡಾನ್‌ಕಾಸ್ಟರ್ ವಿಮಾನ ನಿಲ್ದಾಣವೂ ಮುಚ್ಚಿತು. ಹಾರುವುದನ್ನು ನೋಡಲೆಂದು ದುಡ್ಡು ಕೊಟ್ಟವರಿಗೆ, ನಿಂತ ವಿಮಾನವನ್ನು ಕಾಯುವುದೂ ತಮ್ಮ ದಾನದ ಉದ್ದೇಶವೇ ಎನಿಸಬೇಕೆ? ಈ ಪ್ರಶ್ನೆಯನ್ನು ಹಿಡಿದುಕೊಂಡೇ ನಮ್ಮ ಶಾಸನಗಳ ಕಡೆಗೆ ಬರೋಣ.

ಮೊದಲನೆಯದು ಹಳೇಬೀಡಿನದು. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ ಮಗ ಬೊಪ್ಪ ತಂದೆಯ ನೆನಪಿಗೆ 1133ರಲ್ಲಿ ಒಂದು ಬಸದಿ ಕಟ್ಟಿಸಿದ. ಗಂಗರಾಜನ ಬಿರುದಿನಿಂದಲೇ ಅದಕ್ಕೆ ‘ದ್ರೋಹಘರಟ್ಟ ಜಿನಾಲಯ’ ಎಂಬ ಹೆಸರು ಬಂತು. ದ್ರೋಹಿಗಳನ್ನು ಅರೆಯುವ ಬೀಸುಕಲ್ಲು ಎಂದು ಆ ಬಿರುದಿನ ಅರ್ಥ. ಪ್ರತಿಷ್ಠೆಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ಅರಸನಿಗೆ ಒಯ್ದು ಕೊಟ್ಟಾಗ ಅವನು ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ. ಆ ಸಂತೋಷಕ್ಕೆ ದೇವರನ್ನು ವಿಜಯಪಾರ್ಶ್ವ ಎಂದು ಕರೆದು, ಈಗ ಅರಸೀಕೆರೆ ತಾಲ್ಲೂಕಿನಲ್ಲಿರುವ ಜಾವಗಲ್ಲನ್ನು ದತ್ತಿ ಬಿಟ್ಟ. ಕಟ್ಟಿಸಿದವನ ನೆನಪು ತಂದೆಯದು, ನಡೆಸುವ ಹಣ ಅರಸನದು. ಕೊನೆಗೆ ಜನರ ಬಾಯಲ್ಲಿ ಉಳಿದದ್ದು ಪಾರ್ಶ್ವನಾಥನ ಹೆಸರು. ದೊಡ್ಡ ದಾನಿ ಬಂದಾಗ ಮೊದಲ ದಾನಿಯ ಹೆಸರು ಹಿಂದಕ್ಕೆ ಸರಿಯುವುದು ಇಂದಿನ ಮ್ಯೂಸಿಯಮ್ಮುಗಳಲ್ಲಷ್ಟೇ ಕಾಣುವ ಸಂಗತಿಯಲ್ಲ.

ಅರಸೀಕೆರೆಯ ಸಹಸ್ರಕೂಟ ಜಿನಾಲಯದ್ದು ಬೇರೆ ಬಗೆ. ಕಳಚುರಿಗಳ ಬಳಿ ಅಧಿಕಾರಿಯಾಗಿದ್ದು, ಆಮೇಲೆ ಇಮ್ಮಡಿ ಬಲ್ಲಾಳನ ಆಶ್ರಯಕ್ಕೆ ಬಂದ ರೇಚರಸ ಅದನ್ನು 1220ರ ಹೊತ್ತಿಗೆ ಮಾಡಿಸಿದ. ಹೊರಗಿನಿಂದ ಬಂದವನಿಗೆ ಆ ಊರಲ್ಲಿ ಬೇರೂರಲು ದಾನವೇ ದಾರಿಯಾಯಿತು ಎಂದು ನನಗೆ ತೋರುತ್ತದೆ. ದಾನಿಗೆ ಪುಣ್ಯದ ಜೊತೆಗೆ ಇನ್ನೂ ಏನೋ ಬೇಕಿರುತ್ತದೆ, ಅದನ್ನು ತಪ್ಪೆನ್ನುವಂತಿಲ್ಲ.

ಜಗಳ ನೇರವಾಗಿ ಕಾಣುವುದು ಇದೇ ಜಿಲ್ಲೆಯ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ರ ಶಾಸನದಲ್ಲಿ. ಜೈನರಿಗೂ ವೈಷ್ಣವರಿಗೂ ವ್ಯಾಜ್ಯ ಬಂದು, ಅದು ಬುಕ್ಕರಾಯನ ಮುಂದೆ ಹೋಯಿತು. ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಇದು ಪಠ್ಯಪುಸ್ತಕಕ್ಕೂ ಬಂದಿದೆ. ನನ್ನನ್ನು ಹಿಡಿದು ನಿಲ್ಲಿಸುವುದು ಮುಂದಿನ ಲೆಕ್ಕ. ಜೈನರು ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು. ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ಇಡಬೇಕು. ಮಿಕ್ಕಿದ್ದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಇದನ್ನು ನಡೆಸುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ಎದುರು ಪಕ್ಷದವನದು. ಯಾರ ಮೇಲೆ ಅನುಮಾನವಿತ್ತೋ ಅವರ ಕೈಗೇ ಕಾಯುವ ಕೆಲಸ. ಕೊಡುವವರು ಯಾರು, ಎಷ್ಟು, ಮೊದಲ ಖರ್ಚು ಯಾವುದು, ಉಳಿದದ್ದು ಯಾವುದಕ್ಕೆ ಎಂಬುದೆಲ್ಲ ಕಲ್ಲಿನ ಮೇಲಿದೆ, ಎಲ್ಲರ ಕಣ್ಣಿಗೂ ಬೀಳುವಂತೆ.

ಆದರೆ ಎಲ್ಲ ಜಗಳವೂ ಹಣದಿಂದ ತೀರುವುದಿಲ್ಲ. 1638ರಲ್ಲಿ ಹಳೇಬೀಡಿನ ಅದೇ ವಿಜಯಪಾರ್ಶ್ವ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವ ಎಂಬಾತ ಲಿಂಗಮುದ್ರೆ ಒತ್ತಿದ. ವಿಜಯಪ್ಪ ಎಂಬಾತ ಅದನ್ನು ಅಳಿಸಿದ. ವೀರಶೈವ ಮಹಾಮಹತ್ತಿನವರು ಸೇರಿ, ಮೊದಲು ವಿಭೂತಿ ವೀಳ್ಯ ಕೊಡಿಸಿ, ಆಮೇಲೆ ಜೈನರು ತಮ್ಮ ಪೂಜೆಯನ್ನು ಎಂದಿನಂತೆ ನಡೆಸಿಕೊಳ್ಳಲಿ ಎಂದು ತೀರ್ಮಾನಿಸಿದರು. ಒಪ್ಪಂದಕ್ಕೆ ಅಡ್ಡಿ ಮಾಡುವವನು ತಮ್ಮವನೇ ಆದರೂ ಶಿವದ್ರೋಹಿ ಎಂದು ಬರೆಸಿದರು. ಐನೂರು ವರ್ಷದ ಹಿಂದಿನ ಜಾವಗಲ್ಲಿನ ದತ್ತಿಗೆ ಆಗದ ಕೆಲಸವನ್ನು ನೆರೆಯವರ ಈ ಒಪ್ಪಿಗೆ ಮಾಡಿತು.

ಬೇಲೂರು, ಹಳೇಬೀಡು 2023ರಲ್ಲಿ ಸೋಮನಾಥಪುರದ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಇನ್ನು ದಾನಿಗಳೂ ಬರುತ್ತಾರೆ, ಯೋಜನೆಗಳೂ ಬರುತ್ತವೆ. ವಿಮಾನವಾಗಲಿ ಬಸದಿಯಾಗಲಿ, ಕೇಳಬೇಕಾದ ಪ್ರಶ್ನೆಗಳು ಬುಕ್ಕರಾಯನ ಕಾಲದವೇ: ಹಣ ಯಾರದು, ಮೊದಲ ಖರ್ಚು ಯಾವುದು, ಮಿಕ್ಕಿದ್ದಕ್ಕೆ ಸುಣ್ಣ ಬಳಿಯುವವರು ಯಾರು?